ಕಿಡಿಯನ್ನು ‘ಮುಂದೂಡಿದರೆ’ ಬೇಗವೋ ತಡವೋ?

ಹಳೆಯ ಕಾರಿನ ಇಗ್ನಿಷನ್ ಟೈಮಿಂಗ್‌ನಲ್ಲಿ ಬರುವ ‘ಅಡ್ವಾನ್ಸ್’ (ಇಂಜಿನ್ನಿನ ಕಿಡಿ ಬೇಗ ಹಾರುವಂತೆ ಮಾಡುವುದು), ‘ರಿಟಾರ್ಡ್’ (ತಡವಾಗಿ ಹಾರುವಂತೆ ಮಾಡುವುದು) ಎಂಬ ಎರಡು ಮಾತುಗಳಿಗೆ ಕನ್ನಡ ಹುಡುಕುತ್ತಿದ್ದೇನೆ. ಹುಡುಕಾಟಕ್ಕೆ ಕಾರಣವಾದ ಎಡವಟ್ಟು ನನ್ನದೇ.

ನಮ್ಮ ಪ್ರೀಮಿಯರ್ ಪದ್ಮಿನಿಯನ್ನು ದಾವಣಗೆರೆಯ ಹಳೇ ಪಿ.ಬಿ. ರಸ್ತೆ ಕಡೆಯ ಒಂದು ಗ್ಯಾರೇಜಿಗೆ ಬಿಡುತ್ತೇನೆ. ಮೇಸ್ತ್ರಿಗೆ ವಯಸ್ಸಾಗಿದೆ, ಹುಡುಗರು ಸಿಲಿಂಡರುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಬಿಚ್ಚಿ ಕಂಡವರಲ್ಲ. ಅವರಿಗೆಂದು ಕೆಲಸದ ಕ್ರಮವನ್ನು ಒಂದು ಹಾಳೆಯಲ್ಲಿ ಬರೆದುಕೊಟ್ಟೆ. ‘ಕಿಡಿಯನ್ನು ನಾಲ್ಕು ಡಿಗ್ರಿ ಮುಂದೂಡಿ’ ಎಂಬುದು ಅದರಲ್ಲೊಂದು ಸಾಲು. ಹುಡುಗ ಅಕ್ಷರಶಃ ಪಾಲಿಸಿದ. ಚಿತ್ರದುರ್ಗಕ್ಕೆ ಹೊರಟರೆ ಕಾರು ಏರು ಬಂದಲ್ಲೆಲ್ಲ ಏದುಸಿರು ಬಿಟ್ಟಿತು, ರೇಡಿಯೇಟರ್ ನೀರು ಕುದಿಯಿತು. ಬೇಗ ಹಾರಬೇಕಿದ್ದ ಕಿಡಿ ಇನ್ನಷ್ಟು ತಡವಾಗಿ ಹಾರುತ್ತಿತ್ತು. ಹುಡುಗನನ್ನು ಗದರುವುದು ಹೇಗೆ? ಪರೀಕ್ಷೆ ಮುಂದೂಡಿದರು ಎಂದರೆ ತಡ ಮಾಡಿದರು ಎಂದೇ ತಾನೇ ಅರ್ಥ. ಅವನು ಓದಿದ್ದು ಸರಿಯಾದ ಕನ್ನಡ, ನಾನು ಬರೆದದ್ದು ತಪ್ಪು ಕನ್ನಡ.

ವಿಷಯ ಗೊತ್ತಿಲ್ಲದವರಿಗೆ ಎರಡು ಮಾತು. ಪೆಟ್ರೋಲ್ ಮತ್ತು ಗಾಳಿಯ ಮಿಶ್ರಣ ಕಿಡಿ ತಗುಲಿದ ಕ್ಷಣಕ್ಕೇ ಪೂರ್ತಿ ಉರಿಯುವುದಿಲ್ಲ, ಸ್ವಲ್ಪ ಹೊತ್ತು ಬೇಕು. ಆದ್ದರಿಂದ ಪಿಸ್ಟನ್ ಮೇಲ್ತುದಿ ಮುಟ್ಟುವ ಕೆಲವು ಡಿಗ್ರಿ ಮೊದಲೇ ಕಿಡಿ ಹಾರಬೇಕು. ಇಂಜಿನ್ ನಿಮಿಷಕ್ಕೆ 3000 ಸುತ್ತು ಸುತ್ತುವಾಗ ಒಂದು ಸೆಕೆಂಡಿನ ಸಾವಿರದ ಒಂದು ಪಾಲಿನಲ್ಲಿ ಪಿಸ್ಟನ್ ತಿರುಗಿಸುವ ದಂಡವಾದ ಕ್ರ್ಯಾಂಕ್ 18 ಡಿಗ್ರಿ ತಿರುಗಿಬಿಡುತ್ತದೆ. ಹಾಗಾಗಿ ವೇಗ ಏರಿದಷ್ಟೂ ಕಿಡಿಗೆ ಅವಸರ. ಇದನ್ನು ಡಿಸ್ಟ್ರಿಬ್ಯೂಟರಿನೊಳಗಿನ ಪುಟ್ಟ ತೂಕಗಳು ತಾವಾಗಿಯೇ ನೋಡಿಕೊಳ್ಳುತ್ತವೆ. ನಾವು ಕೂರಿಸಬೇಕಾದದ್ದು ಆರಂಭದ ಕೋನವನ್ನು, ಅದೂ ಕಿಡಿಗೆಂದು ಕರೆಂಟ್ ಕಡಿಯುವ ಪುಟ್ಟ ಸ್ವಿಚ್ಚಾದ ಪಾಯಿಂಟ್‌ನ ಸಂದು ಸರಿಪಡಿಸಿದ ಮೇಲೆ. ಸಂದು ಬದಲಾದರೆ ಟೈಮಿಂಗೂ ಬದಲಾಗುತ್ತದೆ. ಅತಿ ಬೇಗವಾದರೆ ಏರಿನಲ್ಲಿ ಇಂಜಿನ್ ಕಟಕಟನೆ ಹೊಡೆದುಕೊಳ್ಳುತ್ತದೆ. ತಡವಾದರೆ ನನ್ನ ಕಾರಿಗೆ ಆದದ್ದೇ ಆಗುತ್ತದೆ.

‘ಮುಂದಕ್ಕೆ ತಿರುಗಿಸು’ ಎಂದು ಬರೆದಿದ್ದರೂ ಪಾರಾಗುತ್ತಿರಲಿಲ್ಲ. ಡಿಸ್ಟ್ರಿಬ್ಯೂಟರಿನೊಳಗೆ ಸುತ್ತುವ ತುಂಡಾದ ರೋಟರ್ ತಿರುಗುವ ದಿಕ್ಕಿಗೇ ಡಿಸ್ಟ್ರಿಬ್ಯೂಟರಿನ ಮೈಯನ್ನು ತಿರುಗಿಸಿದರೆ ಕಿಡಿ ತಡವಾಗುತ್ತದೆ. ಬೇಗವಾಗಬೇಕಾದರೆ ಅದರ ಎದುರು ದಿಕ್ಕಿಗೆ ತಿರುಗಿಸಬೇಕು. ಒಂದು ‘ಮುಂದೆ’ಯಲ್ಲಿ ಎರಡೆರಡು ಹಳ್ಳ!

ಈ ‘ಮುನ್’ ಎಂಬುದೇ ಎರಡು ನಾಲಿಗೆಯದು. ಮುಂದಿನ ವಾರ, ಮುಂದೂಡು ಎನ್ನುವಾಗ ಆಮೇಲಿನ ಕಾಲ. ಮುಂಚೆ, ಮುನ್ನಾದಿನ, ಮುನ್ಸೂಚನೆ ಎನ್ನುವಾಗ ಮೊದಲಿನ ಕಾಲ. ಗಡಿಯಾರ ಐದು ನಿಮಿಷ ಮುಂದಿದೆ ಎಂದರೆ ಗಂಟೆ ಬೇಗ ಹೊಡೆಯುತ್ತದೆ. ಸಭೆ ಮುಂದಕ್ಕೆ ಹೋಯಿತು ಎಂದರೆ ಗಂಟೆ ಹೊಡೆದರೂ ಯಾರೂ ಬರುವುದಿಲ್ಲ. ಮೇಸ್ತ್ರಿಗೆ ಈ ತೊಡಕೇ ಇಲ್ಲ. ‘ಅಡ್ವಾನ್ಸ್ ಎಂದರೆ ದುಡ್ಡು ಮೊದಲೇ ಕೊಡುವುದಲ್ಲವೇ ಸಾರ್? ಕಿಡಿಯೂ ಹಾಗೆಯೇ’ ಎಂದರು. ಹಾಗಾದರೆ ‘ಮುಂಗಡ ಕಿಡಿ’ ಎನ್ನಬಹುದೇ? ಅರ್ಥ ಸರಿ, ಆದರೆ ರಸೀದಿಯ ವಾಸನೆ.

ನನಗೆ ಹೊಳೆದದ್ದು ಹೊಲದ ಕಡೆಯಿಂದ. ಚಳ್ಳಕೆರೆ ಕಡೆ ಶೇಂಗಾ ಮುಂಗಾರಿನ ಬೆಳೆ, ಎರೆ ಹೊಲದ ಕಡಲೆ ಹಿಂಗಾರಿನದು. ಮುಂಗಾರು ಮೊದಲು ಬರುವ ಮಳೆ, ಹಿಂಗಾರು ಆಮೇಲಿನದು. ಯಾವ ರೈತನಿಗೂ ಇದರಲ್ಲಿ ಗೊಂದಲವಿಲ್ಲ. ನಸುಕಿಗೇ ಕೂಗುವುದು ಮುಂಗೋಳಿ. ಅದೇ ಜಾಡಿನಲ್ಲಿ ‘ಮುಂಗಿಡಿ’, ‘ಹಿಂಗಿಡಿ’ ಎಂದು ಮಾಡಿಕೊಂಡರೆ? ಕಾರು ಗಾರಾದಂತೆ, ಕೋಳಿ ಗೋಳಿಯಾದಂತೆ ಕಿಡಿ ಗಿಡಿಯಾಗುತ್ತದೆ, ವ್ಯಾಕರಣದ ತಕರಾರಿಲ್ಲ. ‘ಗಿಡ’ ಎಂದು ಓದಿಕೊಂಡಾರು ಎಂಬ ಅಳುಕು ಮಾತ್ರ ಇದೆ. ‘ಜ್ವಲನಪೂರ್ವಕೋನ’ದಂಥದ್ದನ್ನು ದಯವಿಟ್ಟು ಸೂಚಿಸಬೇಡಿ, ಸ್ಪ್ಯಾನರ್ ಹಿಡಿದ ಕೈಗೆ ಅದು ಒಗ್ಗುವುದಿಲ್ಲ.

ಸದ್ಯಕ್ಕೆ ಹಾಳೆಯಲ್ಲಿ ‘ಕಿಡಿ ಬೇಗ’, ‘ಕಿಡಿ ತಡ’ ಎಂದು ತಿದ್ದಿದ್ದೇನೆ. ‘ಟೈಮಿಂಗ್ ಕೂರಿಸು’ ಎಂಬುದನ್ನು ಮುಟ್ಟಿಲ್ಲ. ಬೇರಿಂಗ್‌ನಿಂದ ಗಣಪತಿಯವರೆಗೆ ಎಲ್ಲವನ್ನೂ ಕೂರಿಸುವ ಆ ಕ್ರಿಯಾಪದಕ್ಕೆ ಬದಲಿ ಬೇಕಿಲ್ಲ. ಚಿತ್ರದುರ್ಗ, ಹಿರಿಯೂರು, ಹರಿಹರದ ಗ್ಯಾರೇಜುಗಳಲ್ಲಿ ‘ಅಡ್ವಾನ್ಸ್’, ‘ರಿಟಾರ್ಡ್’ ಬಿಟ್ಟು ಬೇರೆ ಮಾತು ಕೇಳಿದವರಿದ್ದೀರಾ? ಹಳೆಯ ಪಂಪ್‌ಸೆಟ್ ಇಂಜಿನ್ ರಿಪೇರಿ ಮಾಡುವವರ ಬಾಯಲ್ಲಾದರೂ?