ಗುಲಾಬಿ ಎಲೆಗೆ ಕಪ್ಪು ಚುಕ್ಕೆ, ಬೇವಿನ ಎಣ್ಣೆ ಹೊಡೆದರೂ ಹೋಗುತ್ತಿಲ್ಲ

ಮಲ್ಲಿಗೆಬಳ್ಳಿ:
ಎಲ್ಲರಿಗೂ ನಮಸ್ಕಾರ. ಕುಂಡದ ಗುಲಾಬಿಯ ಕೆಳಗಿನ ಎಲೆಗಳಲ್ಲಿ ಕಪ್ಪು ಚುಕ್ಕೆ ಬಂದಿದೆ. ಅಂಚು ನೀಟಾಗಿಲ್ಲ, ಶಾಯಿ ಹರಡಿದ ಹಾಗಿದೆ. ಸುತ್ತ ಹಳದಿಯಾಗಿ ಎಲೆ ಉದುರುತ್ತಿದೆ. ಬೇವಿನ ಎಣ್ಣೆ ಹೊಡೆಯುತ್ತಿದ್ದೇನೆ, ಆದರೂ ಚುಕ್ಕೆ ಹಾಗೇ ಇದೆ. ದಿನಾ ಸಂಜೆ ಪೈಪ್ ಹಿಡಿದು ಇಡೀ ಗಿಡಕ್ಕೆ ನೀರು ಬಿಡುತ್ತೇನೆ. ಪಕ್ಕದ ಗಿಡದ ಚಿಗುರಿನ ಮೇಲೆ ಬಿಳಿ ಪುಡಿ ಕೂತಿದೆ. ಎರಡೂ ಒಂದೇ ರೋಗನಾ? ಯಾವ ಔಷಧಿ ಒಳ್ಳೆಯದು?

ಕೆಂಪುದಾಸವಾಳ:
ಔಷಧಿ ಆಮೇಲೆ, ಮೊದಲು ಆ ಸಂಜೆ ನೀರು ನಿಲ್ಲಿಸಿ. ಕಪ್ಪು ಚುಕ್ಕೆ ಶಿಲೀಂಧ್ರದಿಂದ ಬರುತ್ತದೆ, ಎಲೆ ಸುಮಾರು 7 ಗಂಟೆ ಒದ್ದೆಯಾಗೇ ಇದ್ದರೆ ಅದು ಎಲೆಯೊಳಗೆ ಇಳಿದುಬಿಡುತ್ತದೆ. ಸಂಜೆ ನೆನೆದ ಎಲೆ ರಾತ್ರಿಯೆಲ್ಲಾ ಆರುವುದಿಲ್ಲ ಅಲ್ವಾ? ಬೆಳಿಗ್ಗೆ, ಬುಡಕ್ಕೆ ಮಾತ್ರ ಹಾಕಿ.

ಇನ್ನೊಂದು ವಿಷಯ, ಒಮ್ಮೆ ಬಿದ್ದ ಚುಕ್ಕೆ ಯಾವ ಔಷಧಿಗೂ ಅಳಿಯುವುದಿಲ್ಲ. ಹೊಡೆಯುವುದು ಹೊಸ ಎಲೆ ಉಳಿಸಿಕೊಳ್ಳಲಿಕ್ಕೆ. ಹೊಸ ಚಿಗುರು ಚೊಕ್ಕವಾಗಿ ಬರುತ್ತಿದೆಯಾ, ಅದನ್ನು ನೋಡಿ. ಚುಕ್ಕೆ ಬಿದ್ದ ಎಲೆ ಕಿತ್ತುಬಿಡಿ, ಮಣ್ಣಿನ ಮೇಲೆ ಉದುರಿದ್ದನ್ನೂ ಆರಿಸಿ ದೂರ ಹಾಕಿ, ಗೊಬ್ಬರದ ಗುಂಡಿಗೆ ಬೇಡ. ರೋಗ ಅದರಲ್ಲೇ ಉಳಿದುಕೊಂಡು, ನೀರು ಸಿಡಿದಾಗ ಮತ್ತೆ ಕೆಳಗಿನ ಎಲೆಗೆ ಹತ್ತುತ್ತದೆ.

ತೋಟದಹಾದಿ:
ಬಿಳಿ ಪುಡಿ ಬೇರೆ, ಅದು ಬೂದಿ ರೋಗ. ಅದಕ್ಕೆ ಎಲೆ ನೆನೆಯಲೇಬೇಕು ಅಂತಿಲ್ಲ, ನೆರಳು ಮತ್ತು ಗಾಳಿಯಾಡದ ಜಾಗ ಸಾಕು. ಯೂರಿಯಾ ಜಾಸ್ತಿ ಹಾಕಿದರೆ ಚಿಗುರು ಮೆತ್ತಗೆ ಬಂದು ಬೇಗ ತಗುಲುತ್ತದೆ. ಕುಂಡಗಳನ್ನು ದೂರ ದೂರ ಇಡಿ, ನಡುವಿನ ಒತ್ತು ರೆಂಬೆ ತೆಗೆಯಿರಿ. ನೀರಿನಲ್ಲಿ ಬೆರೆಯುವ ಗಂಧಕದ ಪುಡಿ ಲೀಟರಿಗೆ 2 ಗ್ರಾಂ ಹಾಕಿ ಹೊಡೆಯಬಹುದು. ಆದರೆ ನೀವು ಬೇವಿನ ಎಣ್ಣೆ ಹೊಡೆದಿದ್ದೀರಿ, ಅದಾಗಿ 2 ವಾರ ಕಳೆಯುವ ತನಕ ಗಂಧಕ ಮುಟ್ಟಲೇಬೇಡಿ, ಎಲೆ ಸುಡುತ್ತದೆ. 32 ಡಿಗ್ರಿ ದಾಟಿದ ಸೆಕೆಯಲ್ಲೂ ಬೇಡ.

ಮಲ್ಲಿಗೆಬಳ್ಳಿ:
ತುಂಬಾ ಥ್ಯಾಂಕ್ಸ್! ನಾಳೆಯಿಂದಲೇ ಬೆಳಿಗ್ಗೆ ನೀರು. ಒಂದು ರೆಂಬೆ ತುದಿಯಿಂದ ಕಪ್ಪಾಗಿ ಕೆಳಕ್ಕೆ ಒಣಗುತ್ತಾ ಬರುತ್ತಿದೆ, ಅದಕ್ಕೇನು ಮಾಡಲಿ?

ಕೆಂಪುದಾಸವಾಳ:
ಅದನ್ನು ಕತ್ತರಿಸಲೇಬೇಕು, ಸುಮ್ನೆ ಬಿಟ್ಟರೆ ಬುಡದವರೆಗೂ ಇಳಿಯುತ್ತದೆ. ಕಪ್ಪು ಮುಗಿದ ಮೇಲೆ ಇನ್ನೂ ಒಂದೆರಡು ಇಂಚು ಕೆಳಗೆ, ಹಸಿರು ಭಾಗದಲ್ಲಿ, ಕಣ್ಣಿನ (ಚಿಗುರು ಒಡೆಯುವ ಮೊಗ್ಗಿನ) ಸ್ವಲ್ಪ ಮೇಲೆ ಓರೆಯಾಗಿ ಕತ್ತರಿಸಿ. ಕತ್ತರಿಸಿದ ಜಾಗದ ನಡುವೆ ಕಂದು ಬಣ್ಣ ಕಂಡರೆ ಬಿಳಿ ತಿರುಳು ಸಿಗುವವರೆಗೂ ಕೆಳಗಿಳಿಯಿರಿ. ಗಾಯಕ್ಕೆ ಕಾಪರ್ ಆಕ್ಸಿಕ್ಲೋರೈಡ್ ಅನ್ನುವ ಶಿಲೀಂಧ್ರನಾಶಕ ಪುಡಿಯನ್ನು ಪೇಸ್ಟ್ ಥರ ಕಲಸಿ ಹಚ್ಚಿ. ಇನ್ನೊಂದು ಗಿಡ ಮುಟ್ಟುವ ಮೊದಲು ಕತ್ತರಿಯನ್ನು ಸ್ಪಿರಿಟ್‌ನಿಂದ ಒರೆಸಿಕೊಳ್ಳಿ.