ಸ್ಟಾರ್ಟ್ ಮೆನುವಿನಲ್ಲಿ ಟ್ಯಾಲಿ ಹುಡುಕೋದೇ ಒಂದು ಕೆಲಸ ಆಗಿದೆ

ಪ್ರಶ್ನೆ (ರಾಯಚೂರು):
ನಮಸ್ಕಾರ ಸರ್. ಗಂಜ್‌ನಲ್ಲಿ ಒಂದು ಅಡತಿ ಅಂಗಡಿಯ ಲೆಕ್ಕ ನೋಡಿಕೊಳ್ಳುತ್ತೇನೆ. ಕಂಪ್ಯೂಟರಲ್ಲಿ ವಿಂಡೋಸ್ 10 ಇದೆ. ಸ್ಟಾರ್ಟ್ ಒತ್ತಿದರೆ ಪಟ್ಟಿ ಮುಗಿಯುವುದೇ ಇಲ್ಲ. ಹಳೇ ಪ್ರಿಂಟರಿಂದು, ಹೊಸ ಪ್ರಿಂಟರಿಂದು, ಡಿಜಿಟಲ್ ಸಹಿ ಟೋಕನ್ನಿಂದು (ಪೆನ್‌ಡ್ರೈವ್ ಥರ ಚುಚ್ಚೋದು), ಸಾವಕಾರರ ಮಗ ಹಾಕಿದ ಗೇಮುಗಳು, ಎಲ್ಲಾ ಕಲಸಿಹೋಗಿವೆ. ಹತ್ತಿ ಸೀಸನ್‌ನಲ್ಲಿ ರೈತರು ಬಿಲ್ಲಿಗೆ ಎದುರಿಗೇ ನಿಂತಿರುತ್ತಾರೆ, ನಾನು ಲೆಕ್ಕದ ಸಾಫ್ಟ್‌ವೇರ್ ಟ್ಯಾಲಿ ಹುಡುಕುತ್ತಾ ಕೂತಿರುತ್ತೇನೆ. ಬೇಡದ್ದನ್ನೆಲ್ಲ ಡಿಲೀಟ್ ಮಾಡಿಬಿಡಲಾ? ಪಕ್ಕದ ಅಂಗಡಿಯವರು ಮೆನು ಕ್ಲೀನ್ ಮಾಡುವ ಸಾಫ್ಟ್‌ವೇರ್ ಹಾಕಿಕೊಡ್ತೀನಿ ಅಂತಾರೆ.

ಉತ್ತರ:
ಆ ಸಾಫ್ಟ್‌ವೇರ್ ಬೇಡ ಸರ್. ಪಟ್ಟಿಗೆ ಇನ್ನೊಂದು ಹೆಸರು ಸೇರುತ್ತದೆ, ಅಷ್ಟೇ. ವಿಂಡೋಸ್‌ನಲ್ಲಿ ಇರುವುದೇ ಸಾಕು.

ಮೊದಲು ಒಂದು ವಿಷಯ. ಮೆನುವಿನಲ್ಲಿ ಕಾಣುವುದು ಪ್ರೋಗ್ರಾಮ್ ಅಲ್ಲ, ಅದರ ಶಾರ್ಟ್‌ಕಟ್. ಹತ್ತಿ ಚೀಲಕ್ಕೆ ಕಟ್ಟಿದ ಚೀಟಿ ಇದ್ದಂಗೆ. ಚೀಟಿ ಎಲ್ಲಿಗೆ ಕಟ್ಟಿದರೂ ಚೀಲಕ್ಕೆ ಏನೂ ಆಗಲ್ಲ. ಆದರೆ ಅನ್‌ಇನ್‌ಸ್ಟಾಲ್ ಒತ್ತಿದರೆ ಚೀಲವೇ ಹೋಗುತ್ತದೆ. ಅದಕ್ಕೇ ಟೋಕನ್ನಿನ ಸಾಫ್ಟ್‌ವೇರಿಗೆ ಕೈ ಹಾಕಬೇಡಿ. ನೋಡೋಕೆ ದಂಡ ಅನಿಸುತ್ತದೆ, ತೆಗೆದ ಮೇಲೆ ಟೋಕನ್ ಚುಚ್ಚಿದರೆ ಕಂಪ್ಯೂಟರ್ ಗುರುತೇ ಹಿಡಿಯಲ್ಲ.

ಈಗ ಪಟ್ಟಿಯಲ್ಲಿ ಟ್ಯಾಲಿ ಮೇಲೆ ರೈಟ್ ಕ್ಲಿಕ್ ಮಾಡಿ. ಮೋರ್, ಆಮೇಲೆ ಓಪನ್ ಫೈಲ್ ಲೊಕೇಶನ್. ಒಂದು ಫೋಲ್ಡರ್ ತೆರೆಯುತ್ತದೆ. ಅದು ಟ್ಯಾಲಿಯದೇ ಫೋಲ್ಡರ್ ಆಗಿದ್ದರೆ ಒಂದು ಮೆಟ್ಟಿಲು ಮೇಲೆ ಹೋಗಿ, ಪ್ರೋಗ್ರಾಮ್ಸ್ ಅನ್ನುವ ಫೋಲ್ಡರ್ ಸಿಗುತ್ತದೆ. ನಿಮ್ಮ ಮೆನುವಿನ ಬಹುಪಾಲು ಇದೇ. ಮೂಲೆಯಲ್ಲಿ ಸಣ್ಣ ಬಾಣ ಇರುವ ಐಕಾನುಗಳು ಕಾಣುತ್ತವಲ್ಲ, ಅವೇ ಶಾರ್ಟ್‌ಕಟ್ಟುಗಳು. ಇಡೀ ಫೋಲ್ಡರನ್ನು ಒಂದು ಸಲ ಪೆನ್‌ಡ್ರೈವಿಗೆ ಕಾಪಿ ಮಾಡಿಕೊಂಡು ಶುರು ಮಾಡಿ. ಏನಾದರೂ ಎಡವಟ್ಟಾದರೆ ವಾಪಸ್ ಹಾಕಬಹುದು.

ಇಲ್ಲಿ ಹೊಸ ಫೋಲ್ಡರ್ ಮಾಡಿ, ಶಾರ್ಟ್‌ಕಟ್‌ಗಳನ್ನು ಎಳೆದು ಅದರೊಳಗೆ ಹಾಕಿ. ಕಂಪನಿ ಹೆಸರಿನ ಪ್ರಕಾರ ಅಲ್ಲ, ನಿಮ್ಮ ಕೆಲಸದ ಪ್ರಕಾರ ಇಡಿ: ‘1 ಬಿಲ್’ ಒಳಗೆ ಟ್ಯಾಲಿ, ಎಕ್ಸೆಲ್. ‘2 ಪತ್ರ’ ಒಳಗೆ ಕನ್ನಡ ಟೈಪಿಂಗಿನ ನುಡಿ, ವರ್ಡ್. ‘3 ಮಷಿನ್’ ಒಳಗೆ ಪ್ರಿಂಟರ್, ಸ್ಕ್ಯಾನರ್, ಟೋಕನ್. ಹೆಸರಿನ ಮುಂದೆ ಅಂಕಿ ಹಾಕಿದ್ದು ಸುಮ್ನೆ ಅಲ್ಲ. ಅಂಕಿಯಿಂದ ಶುರುವಾಗುವ ಹೆಸರು ಎ, ಬಿ, ಸಿ ಅಕ್ಷರಗಳಿಗಿಂತ ಮೇಲೆ ಬರುತ್ತದೆ. ಫೋಲ್ಡರೊಳಗೆ ಇನ್ನೊಂದು ಫೋಲ್ಡರ್ ಮಾಡಬೇಡಿ, ಮೆನು ಒಂದೇ ಹಂತ ತೋರಿಸೋದು.

ಹೆಸರನ್ನು ನುಡಿಯಲ್ಲಿ ಟೈಪ್ ಮಾಡುವುದಾದರೆ ಯೂನಿಕೋಡ್ ಇದೆಯಾ ನೋಡಿಕೊಳ್ಳಿ. ಹಳೇ ಆಸ್ಕಿ ಅಕ್ಷರದಲ್ಲಿ ಹೊಡೆದರೆ ಮೆನುವಿನಲ್ಲಿ ಕನ್ನಡ ಬರಲ್ಲ, ಏನೇನೋ ಇಂಗ್ಲಿಷ್ ಅಕ್ಷರ, ಚಿಹ್ನೆ ಬರುತ್ತವೆ.

ಪ್ರಿಂಟರ್ ಫೋಲ್ಡರಿನಲ್ಲಿರುವ ರೀಡ್‌ಮಿ, ಮ್ಯಾನುಯಲ್ ಶಾರ್ಟ್‌ಕಟ್‌ಗಳನ್ನು ಧಾರಾಳವಾಗಿ ಅಳಿಸಿ. ಯಾರೂ ಓದಲ್ಲ. ಹಳೇ ಪ್ರಿಂಟರ್ ಗುಜರಿಗೆ ಹೋಗಿದ್ದರೆ ಮಾತ್ರ ಅದರ ಸಾಫ್ಟ್‌ವೇರನ್ನು ಸೆಟ್ಟಿಂಗ್ಸ್‌ನ ಆ್ಯಪ್ಸ್‌ಗೆ ಹೋಗಿ ಅನ್‌ಇನ್‌ಸ್ಟಾಲ್ ಮಾಡಿ.

ಇನ್ನು ರೈತರು ಎದುರಿಗೆ ನಿಂತಾಗ ಮೆನು ಯಾಕೆ ತೆರೆಯುತ್ತೀರಿ? ಟ್ಯಾಲಿಯನ್ನು ಕೆಳಗಿನ ಟಾಸ್ಕ್‌ಬಾರಿಗೆ ಪಿನ್ ಮಾಡಿ (ಯಾವಾಗಲೂ ಅಲ್ಲೇ ಕಾಣುವಂತೆ ಅಂಟಿಸಿ), ಪಿನ್ ಮಾಡಿದವುಗಳಲ್ಲಿ ಎಡಗಡೆ ಮೊದಲನೆಯದಾಗಿ ಇಡಿ. ವಿಂಡೋಸ್ ಕೀ ಹಿಡಿದು 1 ಒತ್ತಿದರೆ ಟ್ಯಾಲಿ ಬಂತು.

ಅದೇ ಸದಸ್ಯರು:
ಬಹಳ ಉಪಕಾರ ಆಯ್ತು ಸರ್, ಮಾಡಿದೆ. ಆದರೆ ಕ್ಯಾಲ್ಕುಲೇಟರ್, ಗೇಮುಗಳು ಆ ಫೋಲ್ಡರಲ್ಲಿ ಕಾಣಿಸ್ತಾನೇ ಇಲ್ಲ. ಮತ್ತೆ, ಫೋಲ್ಡರ್ ಮಾಡುವಾಗ ಅಡ್ಮಿನ್ ಪರ್ಮಿಷನ್ ಕೇಳಿತು.

ಉತ್ತರ:
ಅವು ಮೈಕ್ರೋಸಾಫ್ಟ್ ಸ್ಟೋರಿನ ಆ್ಯಪುಗಳು. ಆ ಫೋಲ್ಡರಿನಲ್ಲಿ ಇರಲ್ಲ, ಸರಿಸೋಕೂ ಬರಲ್ಲ. ಕ್ಯಾಲ್ಕುಲೇಟರನ್ನು ಸ್ಟಾರ್ಟ್‌ಗೆ ಪಿನ್ ಮಾಡಿಕೊಳ್ಳಿ. ಗೇಮುಗಳನ್ನು ಪಟ್ಟಿಯಲ್ಲೇ ರೈಟ್ ಕ್ಲಿಕ್ ಮಾಡಿ ತೆಗೆಯಬಹುದು, ಸಾವಕಾರರ ಮಗನನ್ನು ಕೇಳಿಯೇ ತೆಗೆಯಿರಿ ಮತ್ತೆ!

ಪರ್ಮಿಷನ್ ಕೇಳಿತು ಅಂದರೆ ಅದು ಎಲ್ಲಾ ಲಾಗಿನ್‌ಗೂ ಸೇರಿದ ಫೋಲ್ಡರ್. ನೀವು ಅಲ್ಲಿ ಮಾಡಿದ ಬದಲಾವಣೆ ಎಲ್ಲರಿಗೂ ಕಾಣುತ್ತದೆ. ಪಿನ್ ಮಾಡಿದ್ದು ಮಾತ್ರ ಅವರವರ ಲಾಗಿನ್‌ಗೆ. ಆ ಹುಡುಗನಿಗೆ ಬೇರೆ ಲಾಗಿನ್ ಮಾಡಿಕೊಟ್ಟರೆ ಅರ್ಧ ತಲೆನೋವು ಕಡಿಮೆ.

ಸೆಟ್ಟಿಂಗ್ಸ್, ಪರ್ಸನಲೈಸೇಶನ್, ಸ್ಟಾರ್ಟ್‌ಗೆ ಹೋಗಿ ಹೊಸದಾಗಿ ಸೇರಿಸಿದ ಆ್ಯಪುಗಳು, ಸಲಹೆಗಳು ಅನ್ನುವ ಎರಡನ್ನೂ ಆಫ್ ಮಾಡಿ. ಮೇಲಿನ ಜಾಗ ಖಾಲಿಯಾಗುತ್ತದೆ.

ಇನ್ನೊಬ್ಬ ಸದಸ್ಯೆ (ಕೊಪ್ಪಳ):
ಸರ್, ನಮ್ಮ ಝೆರಾಕ್ಸ್ ಅಂಗಡಿಯಲ್ಲೂ 10 ಇದೆ. 11ಕ್ಕೆ ಹೋದರೆ ಈ ಶ್ರಮ ಎಲ್ಲಾ ನೀರಿಗೆ ಹಾಕಿದಂಗಾ?

ಉತ್ತರ:
ಇಲ್ಲ ಮೇಡಂ. ಹಳೇದನ್ನು ಅಳಿಸದೆ ಅಪ್‌ಗ್ರೇಡ್ ಮಾಡಿದರೆ ಪ್ರೋಗ್ರಾಮ್ಸ್ ಫೋಲ್ಡರ್ ಹಾಗೇ ಉಳಿಯುತ್ತದೆ. 10ರ ಬಲಗಡೆ ಜೋಡಿಸಿದ ಚೌಕ ಟೈಲುಗಳು 11ರಲ್ಲಿ ಇಲ್ಲ, ಅದಕ್ಕೆ ಜಾಸ್ತಿ ಹೊತ್ತು ಕಳೆಯಬೇಡಿ. 11ರಲ್ಲಿ ಪಿನ್ ಮಾಡಿದ ಒಂದು ಐಕಾನನ್ನು ಇನ್ನೊಂದರ ಮೇಲೆ ಎಳೆದು ಬಿಟ್ಟರೆ ಫೋಲ್ಡರ್ ಆಗುತ್ತದೆ, ಮೊಬೈಲಿನಲ್ಲಿ ಮಾಡ್ತೀವಲ್ಲ, ಹಾಗೇ. 10ಕ್ಕೆ ಮಾಮೂಲಿ ಭದ್ರತಾ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೇ ನಿಂತಿದೆ. ಜನರ ಆಧಾರ್, ಪಹಣಿ ತೆರೆಯುವ ಕಂಪ್ಯೂಟರ್ ಅದು, ಮೆನುಗಿಂತ ಮೊದಲು ಈ ಅಪ್‌ಡೇಟ್ ವಿಷಯ ನೋಡಿ.