ಹೈಮ್ಯಾಪ್ ಡೇಟಾ, ಖಾನೆಶಿನ್: ಫ್ಲೈಟ್‌ಲೈನ್ ಬದಲಾದ್ರೆ ಖನಿಜವೂ ಬದಲಾಗ್ತಿದೆ!

ಮರಳುಗೆರೆ: ತಲೆ ಕೆಟ್ಟುಹೋಗಿದೆ. ಅಫ್ಘಾನಿಸ್ತಾನದ 2007ರ ಹೈಮ್ಯಾಪ್ (ವಿಮಾನದಿಂದ ನೂರಕ್ಕೂ ಹೆಚ್ಚು ತರಂಗಾಂತರಗಳಲ್ಲಿ ನೆಲ ನೋಡುವ ಸಂವೇದಕ) ರಿಫ್ಲೆಕ್ಟೆನ್ಸ್, ಅಂದ್ರೆ ನೆಲ ಎಷ್ಟು ಬೆಳಕು ಪ್ರತಿಫಲಿಸುತ್ತೆ ಅನ್ನೋ ಡೇಟಾ, ಹೆಲ್ಮಂಡ್‌ನ ಖಾನೆಶಿನ್ ಕಾರ್ಬೊನಟೈಟ್ (ಕಾರ್ಬೊನೇಟ್ ತುಂಬಿದ ಅಗ್ನಿಶಿಲೆ) ಭಾಗ. ಎರಡು ಲೈನ್ (ವಿಮಾನದ ಒಂದೊಂದು ಹಾರಾಟದ ಪಟ್ಟಿ) ಜೋಡಿಸಿದ ಕಡೆ ಸ್ಕೇಲ್ ಇಟ್ಟು ಎಳೆದ ಹಾಗೆ ನೆಟ್ಟಗೆ ಗೆರೆ. ಎಡಕ್ಕೆ ಕ್ಯಾಲ್ಸೈಟ್, ಬಲಕ್ಕೆ ಡಾಲೊಮೈಟ್. ಬಂಡೆ ಅದೇ! ಹೋಲಿಸೋಕೆ ಇಟ್ಟ ಖನಿಜಗಳ ಸ್ಪೆಕ್ಟ್ರಮ್ ಲೈಬ್ರರಿ ಎಲ್ಲ ಸರಿ ಇದೆ. ಏನು ಮಾಡಲಿ?

ಕಲ್ಲುಕುಟಿಗ: ಹೆಡರ್ ಫೈಲ್ ನೋಡಿ, ಯಾವ ಬ್ಯಾಂಡ್ (ತರಂಗಾಂತರದ ಒಂದು ತುಂಡು) ಎಲ್ಲಿದೆ ಅಂತ ಬರೆದಿರೋದು ಅದರಲ್ಲೇ. ಬೆಳಕು ಹೀರಿ ಸ್ಪೆಕ್ಟ್ರಮ್ಮಿನಲ್ಲಿ ಕುಳಿ ಬೀಳೋದು ಕ್ಯಾಲ್ಸೈಟಿಗೆ 2.34 ಮೈಕ್ರಾನ್, ಡಾಲೊಮೈಟಿಗೆ 2.32. ಆ ಭಾಗದಲ್ಲಿ ಹೈಮ್ಯಾಪ್ ಬ್ಯಾಂಡ್‌ಗಳ ಅಂತರ ಸುಮಾರು 17 ನ್ಯಾನೊಮೀಟರ್. ಅಂದ್ರೆ ಇಡೀ ವ್ಯತ್ಯಾಸ ಒಂದೇ ಬ್ಯಾಂಡ್‌ನಷ್ಟು. ನೀರಾವಿಯ ಬ್ಯಾಂಡ್ ತೆಗೆಯುವಾಗ ಒಂದು ಲೈನ್‌ನಲ್ಲಿ ಒಂದು ಬ್ಯಾಂಡ್ ಹೆಚ್ಚು ಹೋಗಿದ್ರೆ ತರಂಗಾಂತರದ ಪಟ್ಟಿ ಒಂದು ಮನೆ ಜರುಗುತ್ತೆ. ಕೇಸ್ ಮುಗೀತು.

ಪಿಕ್ಸೆಲ್‌ಪಾಂಡು: ಸ್ಕೇಲ್ ಫ್ಯಾಕ್ಟರ್‌ನಿಂದ (ರಿಫ್ಲೆಕ್ಟೆನ್ಸನ್ನು ಪೂರ್ಣಾಂಕ ಮಾಡಿ ಇಡಲು ಗುಣಿಸಿದ ಸಂಖ್ಯೆ) ಭಾಗಿಸಿದ್ದೀರಾ? ಒಂದು ಲೈನ್ ಪೂರ್ಣಾಂಕ, ಇನ್ನೊಂದು ದಶಮಾಂಶ ಇದ್ರೆ ಹಿಂಗೇ ಆಗೋದು.

ನಾಡಿರ್: ಸ್ಯಾಮ್ (ಸ್ಪೆಕ್ಟ್ರಲ್ ಆ್ಯಂಗಲ್ ಮ್ಯಾಪರ್, ಸ್ಪೆಕ್ಟ್ರಮ್ಮನ್ನು ಲೈಬ್ರರಿಗೆ ಹೋಲಿಸೋ ವಿಧಾನ) ಬಳಸಿದ್ರೆ ಅದು ಕೋನ ನೋಡುತ್ತೆ, ಉದ್ದ ನೋಡಲ್ಲ. ಎಲ್ಲ ಬ್ಯಾಂಡನ್ನೂ ಒಂದೇ ಸಂಖ್ಯೆಯಿಂದ ಗುಣಿಸಿದ್ರೆ ಉತ್ತರ ಬದಲಾಗಲ್ಲ. ಮರಳುಗೆರೆಯವರೇ, ಯಾವ ವಿಧಾನ, ಯಾವ ಬ್ಯಾಂಡ್‌ಗಳು ಅಂತ ಹೇಳೇ ಇಲ್ಲ ನೀವು.

ಕಲ್ಲುಕುಟಿಗ: ವಿಧಾನ ಯಾವುದಾದ್ರೇನು, ಪಟ್ಟಿ ಜರುಗಿದ್ರೆ ಎಲ್ಲವೂ ಕೆಡುತ್ತೆ.

ಶಿಲಾಪಟ್ಟಿ: ಊಹೆ ಯಾಕೆ, ಪರೀಕ್ಷೆ ಇದೆ. ಎರಡೂ ಲೈನ್ ಒಂದರ ಮೇಲೊಂದು ಬೀಳುವ ಜಾಗದಲ್ಲಿ ಸಮತಟ್ಟಾದ, ಗಿಡಗಂಟಿ ಇಲ್ಲದ 5×5 ಪಿಕ್ಸೆಲ್ ಚೌಕ ಆರಿಸಿ. ಸರಾಸರಿ ತೆಗೆದು ಒಂದನ್ನು ಇನ್ನೊಂದರಿಂದ ಭಾಗಿಸಿ. ತರಂಗಾಂತರ ಜರುಗಿದ್ರೆ 0.76 ಮೈಕ್ರಾನ್ ಬಳಿಯ ಆಮ್ಲಜನಕ, 0.94 ಮತ್ತು 1.14ರ ನೀರಾವಿ, 2.01 ಮತ್ತು 2.06ರ ಇಂಗಾಲದ ಡೈಆಕ್ಸೈಡ್ ಹತ್ತಿರ ಅನುಪಾತ ಚೂಪಾಗಿ ಏರಿಳಿಯುತ್ತೆ. ದೂಳು, ಮಬ್ಬು ಆಗಿದ್ರೆ ನೀಲಿ ಕಡೆಗೆ ನುಣುಪಾಗಿ ವಾಲುತ್ತೆ. ಜೊತೆಗೆ ಮಸ್ಕೊವೈಟ್ (ಬಿಳಿ ಅಭ್ರಕ) ಇರುವ ಜಾಗದಲ್ಲಿ 2.20ರ ಕುಳಿ ಎರಡೂ ಲೈನ್‌ನಲ್ಲಿ ಒಂದೇ ಬ್ಯಾಂಡ್‌ಗೆ ಬರುತ್ತಾ ನೋಡಿ.

ಪಿಕ್ಸೆಲ್‌ಪಾಂಡು: ಈಆರ್-2 ವಿಮಾನ ಅಷ್ಟು ಎತ್ತರದಲ್ಲಿ ಹಾರುವಾಗ ದೂಳು ಎಲ್ಲಿಂದ ಬಂತು?

ನಾಡಿರ್: ಈಆರ್-2 ಅಲ್ಲ, ನಾಸಾದ ಡಬ್ಲ್ಯೂಬಿ-57. ಸುಮಾರು 50,000 ಅಡಿ. ಭುಜದಿಂದ ಹಾರಿಸುವ ಕ್ಷಿಪಣಿ ಮುಟ್ಟದ ಎತ್ತರ. ಹಿಂದೂಕುಶದ ಶಿಖರಗಳನ್ನೂ ಆರಾಮಾಗಿ ದಾಟಬಹುದು. ಆದ್ರೆ ಎತ್ತರ ಹೆಚ್ಚಿದಷ್ಟೂ ವಿಮಾನಕ್ಕೂ ನೆಲಕ್ಕೂ ನಡುವಿನ ಗಾಳಿ ಹೆಚ್ಚು. ದೂಳು ಇರೋದು ಕೆಳಗೆ, ಬೆಳಕು ಅದರಲ್ಲಿ ಇಳಿದು ಮತ್ತೆ ಮೇಲೆ ಬರಬೇಕು. ಹೈಮ್ಯಾಪ್ ನೋಟದ ಕೋನ ಸುಮಾರು 61 ಡಿಗ್ರಿ. ಅಂಚಿನ ಪಿಕ್ಸೆಲ್‌ನಿಂದ ಬರುವ ಬೆಳಕಿನ ದಾರಿ ನಡುವಿನದಕ್ಕಿಂತ ಶೇ 16ರಷ್ಟು ಉದ್ದ. ನಿಮ್ಮ ಗೆರೆ ಬಿದ್ದಿರೋದೂ ಎರಡು ಲೈನ್‌ಗಳ ಅಂಚಲ್ಲೇ ತಾನೇ?

ಪಿಕ್ಸೆಲ್‌ಪಾಂಡು: ವಿಮಾನ ಯಾವುದಾದ್ರೂ ಇರಲಿ. 256 ಜಿಬಿ ರ‍್ಯಾಮ್ ಹಾಕಿದ ಮೇಲೆ ನನ್ನಲ್ಲಿ ಎಲ್ಲ ಲೈನ್ ಜೋಡಿಸಿದ ಇಡೀ ಮೊಸಾಯಿಕ್ ಒಂದೇ ಸಲ ಮೆಮೊರಿಗೆ ಬರುತ್ತೆ. ಲೈನ್ ಲೈನ್ ಅಂತ ಒದ್ದಾಡೋದೇ ಬೇಡ.

ಶಿಲಾಪಟ್ಟಿ: ಮೊಸಾಯಿಕ್ ಮಾಡಿದ್ರೆ ತಪ್ಪು ಮುಚ್ಚುತ್ತೆ ಅಷ್ಟೇ, ಹೋಗಲ್ಲ.

ಮರಳುಗೆರೆ: ಭಾಗಿಸಿದೆ. 0.45ರಲ್ಲಿ ಮೇಲಿದ್ದು ನುಣುಪಾಗಿ ಇಳಿದು 1.2 ದಾಟಿದ ಮೇಲೆ ಮಟ್ಟಸ. 2.01, 2.06ರಲ್ಲಿ ಏನೂ ಇಲ್ಲ. 2.20ರ ಕುಳಿ ಎರಡರಲ್ಲೂ ಒಂದೇ ಬ್ಯಾಂಡ್. ವಿಧಾನ ಸ್ಯಾಮ್, ಕೋನದ ಮಿತಿ 0.1 ರೇಡಿಯನ್, ಎಲ್ಲ ಬ್ಯಾಂಡ್ ಸೇರಿಸಿ.

ನಾಡಿರ್: ಅದನ್ನ ಮೊದಲೇ ಹೇಳಬಾರದಿತ್ತಾ ಮಾರಾಯ್ರೆ! ಕಾರ್ಬೊನೇಟ್ ಕುಳಿ ಇರೋದು ಎಂಟೊಂಬತ್ತು ಬ್ಯಾಂಡ್‌ನಲ್ಲಿ. ಉಳಿದ ನೂರಕ್ಕೂ ಹೆಚ್ಚು ಬ್ಯಾಂಡ್‌ಗಳ ಒಟ್ಟು ಇಳಿಜಾರಿನ ಮೇಲೆ ಸ್ಯಾಮ್ ತೀರ್ಮಾನ ಮಾಡ್ತಿದೆ. ದೂಳು ನೀಲಿ ಕಡೆ ಕೊಂಚ ಎತ್ತಿದ್ರೂ ಸಾಕು, ಆ ಇಳಿಜಾರಿಗೆ ಹತ್ತಿರ ಇರುವ ಲೈಬ್ರರಿ ಸ್ಯಾಂಪಲ್ ಗೆಲ್ಲುತ್ತೆ. 2.25ರಿಂದ 2.40 ಮಾತ್ರ ಕತ್ತರಿಸಿ, ಎರಡೂ ತುದಿಗೆ ನೇರ ಗೆರೆ ಹಾಕಿ ಕಂಟಿನ್ಯುಮ್ (ಕುಳಿಯ ಹಿಂದಿನ ಒಟ್ಟು ಇಳಿಜಾರು) ತೆಗೆದು, ಆಕಾರ ಹೋಲಿಸಿ. ಲೈಬ್ರರಿಯನ್ನೂ ಹೈಮ್ಯಾಪ್‌ನ ಬ್ಯಾಂಡ್ ಅಗಲಕ್ಕೆ ಇಳಿಸಿರಬೇಕು, ಬರೀ ಮಧ್ಯಬಿಂದು ಹೊಂದಿಸಿದ್ರೆ ಸಾಲದು. ಅಮೆರಿಕದ ಭೂಗರ್ಭ ಸಮೀಕ್ಷೆ ಯುಎಸ್‌ಜಿಎಸ್‌ನವರು ಕಬ್ಬಿಣದ ಖನಿಜಗಳಿಗೆ 1 ಮೈಕ್ರಾನ್ ಸುತ್ತ ಒಂದು ನಕ್ಷೆ, ಕಾರ್ಬೊನೇಟ್–ಜೇಡಿಗೆ 2 ಮೈಕ್ರಾನ್ ಸುತ್ತ ಇನ್ನೊಂದು ಅಂತ ಬೇರೆ ಮಾಡಿದ್ದು ಸುಮ್ಮನೆ ಅಲ್ಲ.

ಕಲ್ಲುಕುಟಿಗ: ಆದ್ರೂ ಹೆಡರ್ ಒಮ್ಮೆ ನೋಡಿ.

ಮರಳುಗೆರೆ: ಗೆರೆ ಬಹುಪಾಲು ಮಾಯ. ಎರಡೂ ಕಡೆ ಕುಳಿ 2.34. ಕೆಲವು ತೇಪೆ ಮಾತ್ರ ಇನ್ನೂ 2.32–2.33ರಲ್ಲಿವೆ, ಆದ್ರೆ ಅವು ಎರಡೂ ಲೈನ್‌ನಲ್ಲಿ ಒಂದೇ ಜಾಗಕ್ಕೆ ಬರ್ತಿವೆ.

ಶಿಲಾಪಟ್ಟಿ: ಅವನ್ನು ಅಳಿಸಬೇಡಿ. ಖಾನೆಶಿನ್‌ನಲ್ಲಿ ಆಂಕೆರೈಟ್ (ಕಬ್ಬಿಣ ಇರುವ ಕಾರ್ಬೊನೇಟ್) ಕಾರ್ಬೊನಟೈಟ್ ಇದೆ, ಲಘು ರೇರ್ ಅರ್ಥ್ ಸಿಗೋದೂ ಅದರ ಜೊತೆಗೇ. 1.0–1.3ರಲ್ಲಿ ಅಗಲವಾದ ಕಬ್ಬಿಣದ ಹೀರಿಕೆ ಇದ್ರೆ ಆಂಕೆರೈಟ್ ಕಡೆಗೆ ವಾಲಬಹುದು. ಒಣ ಹುಲ್ಲಿದ್ರೆ 2.30ರ ಕುಳಿ ಕಾರ್ಬೊನೇಟ್‌ನ್ನು ಎಡಕ್ಕೆ ಎಳೆಯುತ್ತೆ, ಆಗ 2.10ರಲ್ಲೂ ಇಳಿತ ಕಾಣಬೇಕು. ಪಿಕ್ಸೆಲ್ 23 ಮೀಟರ್, ಬೆರಕೆ ಇದ್ದೇ ಇರುತ್ತೆ.

ಪಿಕ್ಸೆಲ್‌ಪಾಂಡು: ಹಂಗಾದ್ರೆ ನಿಯೋಡಿಮಿಯಂ (ಒಂದು ಲಘು ರೇರ್ ಅರ್ಥ್ ಲೋಹ) ನೇರವಾಗಿ ಕಾಣುತ್ತಾ? 0.74, 0.80?

ನಾಡಿರ್: ಆ ಗೆರೆಗಳು ತೀರಾ ಸಪೂರ, ಹೈಮ್ಯಾಪ್ ಬ್ಯಾಂಡ್ ಅಲ್ಲಿ ಸುಮಾರು 15 ನ್ಯಾನೊಮೀಟರ್ ಅಗಲ. ಹತ್ತಾರು ಪಿಕ್ಸೆಲ್ ಸರಾಸರಿ ತೆಗೆದು, 0.58, 0.74, 0.80 ಮೂರೂ ಒಟ್ಟಿಗೆ ಕಂಡ್ರೆ ಮಾತ್ರ ನಂಬಿ. 0.76ರ ಆಮ್ಲಜನಕ ಪಕ್ಕದಲ್ಲೇ ಇದೆ, ಅದರ ಉಳಿಕೆ ಮೋಸ ಮಾಡುತ್ತೆ. ಬೇರೆ ಥ್ರೆಡ್ ತೆಗೀರಿ, ಅಲ್ಲಿ ನೋಡೋಣ.